ಪಾಚಿ ಆರಾಧಕ

"ಆ ಮನುಷ್ಯನನ್ನ ಒಂದೇ ಒಂದು ಫೋನಿನಲ್ಲಿ ಜೇಬಿಗೆ ಹಾಕ್ಕೊಳ್ತೀನಿ, ನೋಡ್ತಿರಿ ಇಬ್ರೂ!" ಎಂದು ಬಿರುದಪ್ಪನವರು ಊಟದ ಮೇಜು ಗುದ್ದಿ ಸಾರಿದರು. ಉಪ್ಪಿನ ಡಬ್ಬಿ ಮಗುಚಿಕೊಂಡಿತು. ಅವರ ಹೆಂಡತಿ ಡಬ್ಬಿಯನ್ನು ನೆಟ್ಟಗೆ ಮಾಡಿ, ಚೆಲ್ಲಿದ ಉಪ್ಪನ್ನು ಅಂಗೈಗೆ ಬಳಿದುಕೊಂಡು, ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಒಂದು ಸಲ ಒರೆಸಿ, "ಜೇಬಿಗೆ ಹಾಕ್ಕೊಳ್ಳೋ ಮುಂಚೆ ಕೈ ತೊಳ್ಕೊಳ್ಳಿ" ಎಂದರು.

ಬಿರುದಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಕಟ್ಟಿದ್ದು. ಅವರದು ಸನ್ಮಾನದ ಫಲಕ ಕೆತ್ತಿಕೊಡುವ ಅಂಗಡಿ. ಫಲಕ ಬೇಕೆಂದು ಬರುವವರಿಗೆ ಸನ್ಮಾನಿತರ ಹೆಸರು ಗೊತ್ತಿರುತ್ತದೆ, ಸಮಾರಂಭದ ತಾರೀಖು ಗೊತ್ತಿರುತ್ತದೆ. ಹೆಸರಿನ ಕೆಳಗೆ ಏನು ಹಾಕಿಸಬೇಕು ಅನ್ನುವಲ್ಲಿ ಬಾಯಿ ಕಟ್ಟುತ್ತದೆ. ಬಿರುದಪ್ಪನವರ ಬಾಯಿ ತೆರೆಯುವುದು ಅಲ್ಲೇ!

"ಅವರಿಗೆ ಸಂಗೀತ ಅಂದ್ರೆ ತುಂಬ ಇಷ್ಟ ಸಾರ್" ಎಂದು ಗಿರಾಕಿ ಅಂದರೆ, ಬಿರುದಪ್ಪನವರು ಕನ್ನಡಕ ಮೂಗಿನ ತುದಿಗೆ ಇಳಿಸಿ ವಿಚಾರಣೆ ಶುರು ಮಾಡುತ್ತಿದ್ದರು. ಸುಮ್ಮನೆ ಹೋಗಿ ಕೂತು ಕೇಳುವವರಾದರೆ 'ಸಂಗೀತಪ್ರಿಯ'. ಮುಂದಿನ ಸಾಲಿನಲ್ಲೇ ಕೂರಬೇಕು ಅನ್ನುವವರಾದರೆ 'ಸಂಗೀತಪ್ರೇಮಿ'. ಕೂತು ತಲೆಯನ್ನೂ ಆಡಿಸಿದರೆ 'ಸಂಗೀತರಸಿಕ'. ನಿದ್ದೆ ಹತ್ತಿದ ಮೇಲೂ ತಲೆ ಆಡುತ್ತಲೇ ಇದ್ದರೆ 'ಸಂಗೀತ ಆರಾಧಕ'! ಹೀಗೆ ಒಂದೊಂದು ಮೆಟ್ಟಿಲು ಹತ್ತಿಸಿ ಎಂಥವರನ್ನೂ ಎತ್ತರದಲ್ಲಿ ಕೂರಿಸಿಬಿಡುತ್ತಿದ್ದರು. ಒಮ್ಮೆ ಯಾರೋ ಪ್ರಾಮಾಣಿಕ ಗಿರಾಕಿ, "ಸಾರ್, ಅವರಿಗೆ ಇಸ್ಪೀಟಿನ ಗೀಳು. ಹಾಗೇ ಹಾಕ್ಲಾ?" ಎಂದು ಕೇಳಿದ್ದಕ್ಕೆ ಬಿರುದಪ್ಪನವರು ಎರಡೂ ಕಿವಿ ಮುಚ್ಚಿಕೊಂಡಿದ್ದರು. "ಗೀಳು, ಚಟ, ತೆವಲು, ಹುಚ್ಚು! ಇವೆಲ್ಲ ಹೆಂಡತಿಯರು ಅಡುಗೆಮನೇಲಿ ಆಡೋ ಮಾತು. ಹಿತ್ತಾಳೆ ಮೇಲೆ ಬರೋ ಮಾತಲ್ಲ!"

ಇಷ್ಟು ಜನರ ಹುಚ್ಚಿಗೆ ಚಿನ್ನದ ಬಣ್ಣ ಬಳಿದ ಮಹಾನುಭಾವರಿಗೆ ಸ್ವಂತದ್ದೊಂದು ಹುಚ್ಚಿತ್ತೇ? ಇರಲಿಲ್ಲ. ಪುಸ್ತಕ ತೆರೆದರೆ ಆಕಳಿಕೆ, ಆಟ ನೋಡಿದರೆ ತೂಕಡಿಕೆ. ಊಟ ಮಾಡುತ್ತಿದ್ದರು, ಮಲಗುತ್ತಿದ್ದರು, ಎದ್ದು ಮುಂದಿನ ಊಟದ ದಾರಿ ಕಾಯುತ್ತಿದ್ದರು. ಇದಕ್ಕೆ ಹೊಂದುವ ಬಿರುದು ಅವರ ಅಂಗಡಿಯಲ್ಲೂ ಇರಲಿಲ್ಲ.

ಈಗ ಅದೇ ಕುತ್ತಿಗೆಗೆ ಬಂದಿತ್ತು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಗಾಜು ಉಜ್ಜಿ ಅಳತೆಗೆ ತರುವ ಹುಡುಗನೊಬ್ಬ ಅವಳಿಗೆ ಮೆಚ್ಚಿಗೆಯಾಗಿದ್ದ. ಅವನಿಗೆ ಗುಡುಗಿನ ಸದ್ದು ರೆಕಾರ್ಡ್ ಮಾಡುವ ಹುಚ್ಚು. ಮೋಡ ಕವಿದರೆ ಅವನು ಮೈಕು ಹಿಡಿದು ಬಯಲಿಗೆ ಓಡುವುದು, ಇವಳು ಕೊಡೆ ಹಿಡಿದು ಅವನ ಹಿಂದೆ ಓಡುವುದು. ಹೀಗೆ ಓಡುತ್ತ ಓಡುತ್ತ ಇಬ್ಬರೂ ಮದುವೆಯ ಮಾತಿನವರೆಗೆ ಬಂದು ನಿಂತಿದ್ದರು. ಹುಡುಗ ಒಳ್ಳೆಯವನೇ. ತೊಡಕಿದ್ದದ್ದು ಅವನ ಅಪ್ಪನಲ್ಲಿ.

"ಅಪ್ಪ, ಅವರು ಕೇಳೋದು ಒಂದೇ ಪ್ರಶ್ನೆ" ಎಂದು ಮಗಳು ತಿದ್ದಿ ತೀಡಿ ಹೇಳಿಕೊಟ್ಟಿದ್ದಳು. "'ನಿಮ್ಮ ಮನೇಲಿ ಯಾರಿಗೆ ಏನು ಹುಚ್ಚು?' ಅಂತ. ಹುಚ್ಚೇ ಇಲ್ಲದ ಮನೆಯಿಂದ ಸೊಸೆ ಬಂದ್ರೆ ಮಗನ ಮೈಕು ಮೊದಲ ವರ್ಷಾನೇ ಅಟ್ಟ ಸೇರುತ್ತೆ ಅನ್ನೋ ಭಯ ಅವರಿಗೆ. ನೀನು ನಿಜ ಹೇಳ್ಬಿಡು. ನನಗೇನೂ ಹುಚ್ಚಿಲ್ಲ, ಆದ್ರೆ ಇನ್ನೊಬ್ಬರ ಹುಚ್ಚಿಗೆ ಅಡ್ಡ ಬರೋ ಜನ ಅಲ್ಲ ನಾವು ಅಂತ. ಅಷ್ಟು ಸಾಕು. ಜಾಸ್ತಿ ಮಾತಾಡ್ಬೇಡ ಅಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

ಅಪ್ಪನಿಗೆ ಜಾಸ್ತಿ ಮಾತಾಡಬೇಡ ಎನ್ನುವುದೂ ಬೆಕ್ಕಿಗೆ ಹಾಲು ಮೂಸಬೇಡ ಎನ್ನುವುದೂ ಒಂದೇ.

ಮರುದಿನ ಮಧ್ಯಾಹ್ನ ಮಗಳು ಕೆಲಸಕ್ಕೆ ಹೋಗಿದ್ದಳು. ಹೆಂಡತಿ ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಬಿರುದಪ್ಪನವರು ಅಡುಗೆಮನೆಯ ಕಿಟಕಿಯ ಬಳಿ ನಿಂತು, ಗಂಟಲು ಸರಿಮಾಡಿಕೊಂಡು ಫೋನು ಹಚ್ಚಿದರು.

"ಹಲೋ! ಸೇತುವೆ ಹುಚ್ಚ ಮಾತಾಡ್ತಿರೋದು!" ಎಂದು ಆ ಕಡೆಯಿಂದ ಗರ್ಜನೆ ಬಂತು.

ಹುಡುಗನ ಅಪ್ಪ ಬಸ್ ಡ್ರೈವರಾಗಿ ನಿವೃತ್ತರಾದವರು. ಇದ್ದಬದ್ದ ಸೇತುವೆಯನ್ನೆಲ್ಲ ಹುಡುಕಿಕೊಂಡು ಹೋಗಿ ನೋಡುವುದೇ ಅವರ ಜೀವ. ಕೆಲಸದಲ್ಲಿದ್ದಾಗ ಒಳ್ಳೆಯ ಸೇತುವೆ ಬಂತೆಂದರೆ ಪ್ರಯಾಣಿಕರನ್ನೆಲ್ಲ ಬಸ್ಸಿನಲ್ಲಿ ಬಿಟ್ಟು, ಇಳಿದು ಕೆಳಗೆ ಹೋಗಿ ಕಂಬ ತಟ್ಟಿ ನೋಡಿ ಬರುತ್ತಿದ್ದರಂತೆ.

"ಛೆ ಛೆ, ಹುಚ್ಚ ಅಂತ ನಿಮ್ಮನ್ನ ನೀವೇ ಅಂದ್ಕೋಬೇಡಿ ಸಾರ್. ನಮ್ಮ ಕಿವಿಗೆ ನೋವಾಗುತ್ತೆ" ಎಂದರು ಬಿರುದಪ್ಪನವರು ಬೆಣ್ಣೆಯಂಥ ದನಿಯಲ್ಲಿ. "ಸೇತು ಉಪಾಸಕ! ಎಷ್ಟು ಗಂಭೀರವಾಗಿದೆ ನೋಡಿ."

"ಉಪಾಸಕ ಅಂದ್ರೆ ಮನೇಲಿ ಕೂತು ಕಣ್ಣು ಮುಚ್ಕೊಳ್ಳೋನು. ನಾನು ಕುತ್ತಿಗೆ ಮಟ್ಟ ನೀರಲ್ಲಿ ನಿಂತು ಕಂಬ ತಬ್ಕೊಂಡಿದೀನಿ ಸ್ವಾಮಿ. ಅದಕ್ಕೆ ಹುಚ್ಚು ಅನ್ನದೆ ಇನ್ನೇನು ಅನ್ನೋದು? ಬಿಡಿ ಅದನ್ನ. ನಿಮಗೇನು ಹುಚ್ಚು?"

ಬಂತು ಪ್ರಶ್ನೆ! ಮಗಳು ಹೇಳಿಕೊಟ್ಟ ಉತ್ತರ ಬಿರುದಪ್ಪನವರ ನಾಲಗೆ ತುದಿಗೂ ಬಂತು. ಆದರೆ ಊರಿಗೆಲ್ಲ ಬಿರುದು ಹಂಚಿದ ನಾಲಗೆ ತನ್ನ ಯಜಮಾನನನ್ನು ಬರಿಗೈಯಲ್ಲಿ ಕಳಿಸಲು ಒಪ್ಪಲಿಲ್ಲ. ಅವರು ಗಾಬರಿಯಿಂದ ಸುತ್ತ ನೋಡಿದರು. ಪಾತ್ರೆ, ಒಲೆ, ಪೊರಕೆ. ಕಿಟಕಿಯಾಚೆ ಹಿತ್ತಲು. ಹಿತ್ತಲ ಗೋಡೆಯ ತುಂಬ, ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಹಚ್ಚಹಸಿರು!

"ಪಾಚಿ!" ಎಂದುಬಿಟ್ಟರು ಬಿರುದಪ್ಪನವರು.

"ಏನಂದ್ರಿ?"

"ಪಾಚಿ ಸಾರ್. ನಾನು ಪಾಚಿ ಆರಾಧಕ. ನಾಲ್ಕು ವರ್ಷದಿಂದ ಹಿತ್ತಲಲ್ಲಿ ಒಂದು ಎಳೆ ಅಲುಗಾಡದಂತೆ ಕಾಪಾಡ್ಕೊಂಡು ಬಂದಿದೀನಿ. ಎಷ್ಟು ಸಲ ಕಿತ್ತು ಹಾಕಿ ಅಂದ್ರು! ಯಾರ ಮಾತಿಗೂ ಬಗ್ಗಲಿಲ್ಲ!"

ವಿಚಿತ್ರವೆಂದರೆ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾಲ್ಕು ವರ್ಷದಿಂದ ಹೆಂಡತಿ "ರೀ, ಹಿತ್ತಲು ಉಜ್ಜಿಕೊಡಿ" ಎನ್ನುತ್ತಲೇ ಇದ್ದರು. ಬಿರುದಪ್ಪನವರು "ಈ ಭಾನುವಾರ" ಎನ್ನುತ್ತಲೇ ಇದ್ದರು. ಹಾಗೆಂದು ಆಕೆಯೇ ಬ್ರಷ್ಷು ಹಿಡಿದರೆ "ಗಂಡಸು ಅಂತ ನಾನೊಬ್ಬ ಇಲ್ವಾ ಮನೇಲಿ?" ಎಂದು ಸಿಡುಕಿ ಕಿತ್ತಿಟ್ಟುಬಿಡುತ್ತಿದ್ದರು. ಬಟ್ಟೆ ಹರವಲು ಆಕೆ ಮಹಡಿ ಹತ್ತುತ್ತಿದ್ದದ್ದೂ ಹಿತ್ತಲು ಜಾರುತ್ತದೆ ಎಂದೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಬಿರುದಪ್ಪನವರ ಪಾಲಿಗೆ ಹಿತ್ತಲ ಪಾಚಿಯೇ ಮದ್ದಾಗಿ ಒದಗಿತ್ತು.

ಫೋನಿನೊಳಗೆ ಬೀಗರಾಗಲಿರುವವರು ಕುಣಿಯುತ್ತಿದ್ದರು. "ಅಲ್ರೀ, ಎಂಥ ಹುಚ್ಚು ಹಿಡಿದಿದ್ದೀರಿ! ಯಾರೂ ತಿರುಗಿ ನೋಡದೇ ಇರೋದನ್ನ ಪ್ರೀತಿಸೋದು ಅಂದ್ರೆ ಸುಮ್ನೆನಾ? ನನ್ನ ಅಕ್ಕ ಇದಾಳೆ ನಮ್ಮ ಜೊತೆಗೇ. ಕಾಲೇಜಲ್ಲಿ ಸಸ್ಯಶಾಸ್ತ್ರ ಪಾಠ ಮಾಡ್ತಿದ್ದವಳು. ಅವಳಿಗೆ ಪಾಚಿ ಅಂದ್ರೆ ಪ್ರಾಣ! ಬರೋ ಭಾನುವಾರ ಇಬ್ರೂ ಬರ್ತೀವಿ. ಮೊದಲು ಪಾಚಿ, ಆಮೇಲೆ ಮದುವೆ ಮಾತು!"

ಫೋನಿಟ್ಟಾಗ ಬಿರುದಪ್ಪನವರ ಎದೆ ಎರಡು ಅಂಗುಲ ಉಬ್ಬಿತ್ತು. ಸಸ್ಯಶಾಸ್ತ್ರದ ಅಕ್ಕ ನೆನಪಾದಾಗ ಒಂದಂಗುಲ ಇಳಿಯಿತು. ಸಂಜೆ ಮನೆಯವರಿಗೆ ಅವರು ಹೇಳಿದ್ದು ಇಷ್ಟೇ: "ಭಾನುವಾರ ಬರ್ತಾರೆ. ಏನು ಹೇಳ್ದೆ, ಹೆಂಗೆ ಗೆದ್ದೆ ಅಂತ ಯಾರೂ ಕೇಳ್ಬೇಡಿ. ಅವತ್ತು ನೋಡಿ ಕಣ್ತುಂಬ್ಕೊಳ್ಳಿ!" ನಿಜ ಹೇಳಿದರೆ ಹೆಂಡತಿ ನಗುತ್ತಾರೆ. ಒಬ್ಬರೇ ನಕ್ಕರೆ ನುಂಗಿಕೊಳ್ಳಬಹುದು, ಮಗಳನ್ನೂ ಕೂಡಿಸಿಕೊಂಡು ನಕ್ಕರೆ? ಬೇಡವೇ ಬೇಡ ಎಂದು ಬಾಯಿಗೆ ಬೀಗ ಹಾಕಿಕೊಂಡರು.

ಬೆಳಗ್ಗೆ ಎದ್ದು ನೋಡುತ್ತಾರೆ, ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ತಂತಿಬ್ರಷ್ಷು, ಇನ್ನೊಂದರಲ್ಲಿ ಬ್ಲೀಚಿಂಗ್ ಪುಡಿಯ ಡಬ್ಬಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಾರೆ!

"ನಿಲ್ಲು!" ಎಂದು ಬಿರುದಪ್ಪನವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದರು. "ಮುಟ್ಟಬೇಡ!"

"ಯಾಕ್ರೀ? ಬೀಗರು ಬರೋ ಮನೆ. ಹಿತ್ತಲು ಇಷ್ಟು ಗಲೀಜಾಗಿದ್ರೆ ನನ್ನ ಮುಖಕ್ಕೆ ತಾನೇ ಉಗಿಯೋದು?"

"ಅದು... ಹಾಗಲ್ಲ..." ಬಿರುದಪ್ಪನವರ ತಲೆ ಗಾಣದಂತೆ ತಿರುಗಿತು. "ನೀನು ಜಾರಿಬಿದ್ರೆ?"

"ಆಂ?"

"ಜಾರಿ ಬಿದ್ದು ಸೊಂಟಗಿಂಟ ಮುರ್ಕೊಂಡ್ರೆ ನನಗ್ಯಾರು ಗತಿ? ನಿನ್ನ ಬಿಟ್ರೆ ನನಗಿನ್ಯಾರಿದಾರೆ? ಹಿತ್ತಲ ಚಿಂತೆ ನನಗಿರಲಿ. ಭಾನುವಾರದೊಳಗೆ ನಾನೇ ನೋಡ್ಕೊಳ್ತೀನಿ."

ಹೆಂಡತಿಯ ಕೈಯಲ್ಲಿದ್ದ ಬ್ರಷ್ಷು ಕೆಳಗಿಳಿಯಿತು. ಮದುವೆಯಾದಾಗಿನಿಂದ ಈ ಬಾಯಿಂದ ಇಂಥ ಮಾತು ಬಂದದ್ದು ಆಕೆಗೆ ನೆನಪಿರಲಿಲ್ಲ. ಕಣ್ಣಂಚು ಒದ್ದೆಯಾಯಿತು. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಎಂದಿಗಿಂತ ಅರ್ಧ ಲೋಟ ಹೆಚ್ಚಿತ್ತು. ಬಿರುದಪ್ಪನವರು ಮಾತಿನ ಮಹಿಮೆಗೆ ತಾವೇ ಬೆರಗಾಗುತ್ತ ಕುಡಿದರು.

ಮಾತಿಗೆ ಹೆಂಡತಿ ಬಗ್ಗಿದರು, ಬಿಸಿಲು ಬಗ್ಗಲಿಲ್ಲ. ಆ ವಾರ ನೆತ್ತಿ ಸುಡುವ ಬಿಸಿಲು ಹೊಡೆದು, ಮಂಗಳವಾರದ ಹೊತ್ತಿಗೆ ಪಾಚಿ ಕಂದಿ, ಬುಧವಾರ ಸಿಪ್ಪೆ ಏಳತೊಡಗಿತು. ನಾಲ್ಕು ವರ್ಷ ಬೇಡ ಬೇಡವೆಂದರೂ ಬೆಳೆದದ್ದು ಈಗ ಬೇಕು ಬೇಕೆಂದರೆ ಒಣಗುತ್ತಿತ್ತು! ಬಿರುದಪ್ಪನವರು ಅಂಗಡಿಯ ಪಕ್ಕದಲ್ಲೇ ಸಸಿ ಮಾರುವವನ ಬಳಿ ಓಡಿದರು.

"ಪಾಚಿ ಬೆಳೆಯೋಕೆ ಏನು ಮಾಡ್ಬೇಕಪ್ಪ?"

ಸಸಿಯವನು ಅವರನ್ನು ಮೇಲಿಂದ ಕೆಳಗೆ ನೋಡಿದ. "ಸಾಯಿಸೋಕೆ ಕೇಳ್ಕೊಂಡು ದಿನಾ ಬರ್ತಾರೆ ಯಜಮಾನ್ರೇ. ಬೆಳೆಸೋಕೆ ಬಂದೋರು ನೀವೊಬ್ರೇ." ಆಮೇಲೆ ಕರುಣೆ ತೋರಿ ದಾರಿ ಹೇಳಿಕೊಟ್ಟ. ಉಳಿದ ಪಾಚಿಯನ್ನು ಮಜ್ಜಿಗೆ ಹಾಕಿ ರುಬ್ಬಬೇಕು, ಗೋಡೆಗೆ ಬಳಿಯಬೇಕು, ನೀರು ಚಿಮುಕಿಸುತ್ತಿರಬೇಕು. ಹೊಸದು ಚಿಗುರಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದೂ ಹೇಳಿದ. ಆದರೆ ಅಷ್ಟರಲ್ಲಿ ಬಿರುದಪ್ಪನವರು ಮಜ್ಜಿಗೆಗೆ ಓಡಿಯಾಗಿತ್ತು.

ರುಬ್ಬುವುದಕ್ಕೆ ಮನೆಯಲ್ಲಿದ್ದದ್ದು ಒಂದೇ ಮಿಕ್ಸಿ. ಅದು ಹೆಂಡತಿಯ ಕಣ್ಮಣಿ. ಪ್ರತಿಸಲ ಬಳಸಿದ ಮೇಲೂ ಅದರ ಬ್ಲೇಡು ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಕೂರಿಸಿ, ಮೇಲೆ ಬಟ್ಟೆಯ ಹೊದಿಕೆ ಹೊದಿಸುವಾಕೆ ಅವರು. ಆಕೆ ಪೇಟೆಗೆ ಹೋದ ಹೊತ್ತಿನಲ್ಲಿ ಬಿರುದಪ್ಪನವರು ಆ ಹೊದಿಕೆ ಕಿತ್ತೆಸೆದು, ಪಾಚಿ, ಮಣ್ಣು, ಸುಣ್ಣದ ಚಕ್ಕೆ ಎಲ್ಲವನ್ನೂ ಮಜ್ಜಿಗೆಯ ಜೊತೆ ಗರ್ರ್ ಎನಿಸಿದರು. ಬಂದ ಹಸಿರು ಗಂಜಿಯನ್ನು ಸುಣ್ಣ ಬಳಿಯುವ ಕುಂಚದಲ್ಲಿ ಗೋಡೆಗೆ ಮೆತ್ತಿದರು. ಜಾರನ್ನು ತೊಳೆದರು. ತೊಳೆದರು ಎಂದರೆ, ನೀರು ತೋರಿಸಿದರು.

ಮರುದಿನ ಬೆಳಗ್ಗೆ ಹೆಂಡತಿ ಕಿತ್ತಳೆ ಹಣ್ಣಿನ ರಸ ತೆಗೆದರು. ಲೋಟಕ್ಕೆ ಬಗ್ಗಿಸಿದರೆ ಬಣ್ಣ ಹಸಿರು!

"ಇದೇನಮ್ಮ ಇದು?" ಎಂದು ಮಗಳು ಲೋಟ ಎತ್ತಿದಳು.

ಬಿರುದಪ್ಪನವರು ಹಾರಿ ಲೋಟ ಕಸಿದುಕೊಂಡರು. ಸಾಕ್ಷ್ಯ ಉಳಿಯಬಾರದು! ಕಣ್ಣು ಮುಚ್ಚಿ ಗಟಗಟನೆ ಕುಡಿದರು. ಹೆಂಡತಿಯ ಲೋಟವನ್ನೂ ಕುಡಿದರು. ಹಲ್ಲಿನ ನಡುವೆ ಏನೋ ಕರಕ್ ಎಂದಿತು.

"ಹಸಿರು ರಸ ಆರೋಗ್ಯಕ್ಕೆ ಒಳ್ಳೇದು" ಎಂದರು ಕಣ್ಣಲ್ಲಿ ನೀರು ತುಂಬಿಕೊಂಡು.

ಹಾಗೆನ್ನುವಾಗಲೇ ಹಿತ್ತಲಿನಿಂದ ಏನೋ ಗಲಾಟೆ. ಹೋಗಿ ನೋಡಿದರೆ ಬೀದಿಯ ಬೆಕ್ಕುಗಳೆಲ್ಲ ಸಾಲಾಗಿ ಕೂತು ಗೋಡೆ ನೆಕ್ಕುತ್ತಿವೆ! ಹುಳಿಮಜ್ಜಿಗೆಯ ನಾತ ಮೂಗಿಗೆ ಬಡಿಯಿತು. ಹೆಂಡತಿ ಮೂಗು ಮುಚ್ಚಿಕೊಂಡು ಗಂಡನ ಕಡೆ ತಿರುಗಿದರು. "ಗೋಡೆಗೆ ಏನ್ರೀ ಹಚ್ಚಿದ್ದೀರಿ?"

ಇಲ್ಲಿ ಬಿರುದಪ್ಪನವರು ತಮ್ಮ ಗೋರಿ ತಾವೇ ತೋಡಿಕೊಂಡರು. "ಮಜ್ಜಿಗೆ ಕಣೇ. ಮಜ್ಜಿಗೆ ಹಚ್ಚಿದ್ರೆ ಪಾಚಿ ಸಡಿಲ ಆಗುತ್ತಂತೆ. ಆಮೇಲೆ ಉಜ್ಜೋಕೆ ಸಲೀಸು."

ಹೆಂಡತಿ ನಂಬಿದರು. ನಾಲ್ಕು ವರ್ಷ ಹಿತ್ತಲಿಗೆ ಕಾಲಿಡದ ಗಂಡ ಈಗ ನಸುಕಿಗೇ ಎದ್ದು ಅಲ್ಲಿ ನೀರು ಚಿಮುಕಿಸುವುದನ್ನೂ ಒಬ್ಬನೇ ಒದ್ದಾಡುವುದನ್ನೂ ಅವರು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ರಾತ್ರಿ ಮಗಳ ಹತ್ತಿರ, "ನಿಮ್ಮಪ್ಪ ನಾನು ಬೀಳ್ತೀನಿ ಅಂತ ತಾನೇ ಕಷ್ಟ ಪಡ್ತಿದಾರೆ ಕಣೇ. ಅಭ್ಯಾಸ ಇಲ್ದೋರು, ಪಾಪ" ಎಂದರು. ಅಷ್ಟು ಹೇಳುವಾಗ ಆಕೆಯ ಮುಖ ಹೊಸ ಮದುವಣಗಿತ್ತಿಯ ಹಾಗೆ ಕೆಂಪೇರಿತ್ತು.

ಬಿರುದಪ್ಪನವರು ಅತ್ತ ಅಂಗಡಿಯಲ್ಲಿ ಕೊನೆಯ ಅಸ್ತ್ರ ಸಿದ್ಧಮಾಡುತ್ತಿದ್ದರು. ಪಾಚಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದು ಜಾರುತ್ತದೆ ಎಂಬುದೊಂದೇ. ಆದರೇನು? ಎಂಥ ಖಾಲಿ ಮನುಷ್ಯನ ಕೆಳಗೂ ಒಂದು ಫಲಕ ಇಟ್ಟರೆ ತುಂಬಿದ ಹಾಗೆ ಕಾಣುವುದನ್ನು ಅವರು ಜೀವಮಾನವಿಡೀ ಕಂಡಿದ್ದರು. ಹಿತ್ತಾಳೆಯ ಪುಟ್ಟ ಪುಟ್ಟ ಪಟ್ಟಿಗಳ ಮೇಲೆ ಹೆಸರು ಕೆತ್ತಿದರು. ಮೆಟ್ಟಿಲ ಪಾಚಿಗೆ 'ಸೋಪಾನ ಸುಂದರಿ'. ಒಗೆಯುವ ಕಲ್ಲಿನದಕ್ಕೆ 'ಶಿಲಾ ಸಖಿ'. ಗೋಡೆಯದಕ್ಕೆ 'ಹಸಿರು ಸಾಮ್ರಾಜ್ಞಿ'!

ಭಾನುವಾರ ಬಂತು. ಪಟ್ಟಿಗಳನ್ನು ಜೇಬಿಗೆ ಹಾಕಿಕೊಂಡು ಬಿರುದಪ್ಪನವರು ಅತಿಥಿಗಳನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟರು. ಬಂದ ಕೂಡಲೆ, ಅವರು ಕೈಕಾಲು ತೊಳೆಯುವಷ್ಟರಲ್ಲಿ, ಒಂದೊಂದನ್ನೂ ಅದರದರ ಜಾಗದಲ್ಲಿ ನಿಲ್ಲಿಸಿಬಿಡುವುದೆಂದು ಲೆಕ್ಕ. ಗೇಟು ದಾಟುತ್ತಿದ್ದವರನ್ನು ಹೆಂಡತಿ ಹಿಂದಿನಿಂದ ಕರೆದರು. "ರೀ, ಬಸ್ಸು ತಡವಾದ್ರೂ ಪರವಾಗಿಲ್ಲ. ನಿಧಾನವಾಗಿ ಬನ್ನಿ." ಆ ದನಿಯಲ್ಲಿ ಏನೋ ಗುಟ್ಟಿನ ಸಂತೋಷವಿತ್ತು. ಬಿರುದಪ್ಪನವರು ಅದನ್ನು ಗೌರವ ಎಂದುಕೊಂಡರು.

ಬಸ್ಸು ಸಾಕಷ್ಟು ತಡವಾಯಿತು. ಇಳಿದವರು ಬೀಗರು ಮತ್ತು ಅವರ ಅಕ್ಕ. ಬೀಗರು ಆಳೆತ್ತರ, ದನಿ ಅದಕ್ಕಿಂತ ಎತ್ತರ. ಅಕ್ಕ ಕಡ್ಡಿಯಂತಿದ್ದರು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವರು ಕೇಳಿದ ಮೊದಲ ಮಾತೇ, "ಹಿತ್ತಲಿಗೆ ಮನೆಯೊಳಗಿಂದ ಹೋಗ್ಬೇಕಾ, ಪಕ್ಕದಿಂದ ದಾರಿ ಇದೆಯಾ?"

ಕೈಕಾಲು ತೊಳೆಯುವ ಮಾತೇ ಇಲ್ಲ! ಬಿರುದಪ್ಪನವರು ಮನೆಯ ಪಕ್ಕದ ಓಣಿಯಿಂದಲೇ ಅವರನ್ನು ಕರೆದೊಯ್ದರು. ತಿರುವಿನಲ್ಲಿ ನಿಂತು ಕೈ ಅಡ್ಡ ಹಿಡಿದರು. "ದಯವಿಟ್ಟು ಇಬ್ರೂ ಕಣ್ಣು ಮುಚ್ಕೊಳ್ಳಿ. ನಾಲ್ಕು ವರ್ಷದ ಆರಾಧನೆ ಇದು. ನಾನು ಹೇಳೋವರೆಗೂ ತೆಗೀಬೇಡಿ. ಒಂದು, ಎರಡು..." ಎಂದು ಎಣಿಸುತ್ತ ತಿರುವು ದಾಟಿದ ಬಿರುದಪ್ಪನವರು ಮೂರು ಎನ್ನಲಿಲ್ಲ.

ಬೀಗರು ತಾವಾಗಿಯೇ ಕಣ್ಣು ತೆರೆದರು.

ಗೋಡೆ ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಕಲ್ಲು ಹೊಳೆಯುತ್ತಿತ್ತು. ಮೆಟ್ಟಿಲು ಎಷ್ಟು ಹೊಳೆಯುತ್ತಿತ್ತೆಂದರೆ ಬಿರುದಪ್ಪನವರ ತೆರೆದ ಬಾಯಿ ಅದರಲ್ಲಿ ಕಾಣುತ್ತಿತ್ತು! ಅದರ ನಡುವೆ ಸೊಂಟಕ್ಕೆ ಸೆರಗು ಬಿಗಿದು, ಮೊಣಕೈವರೆಗೆ ಒದ್ದೆಯಾಗಿ, ಕೈಯಲ್ಲಿ ಬ್ರಷ್ಷು ಹಿಡಿದು ಹೆಂಡತಿ ನಗುತ್ತ ನಿಂತಿದ್ದರು. ಪಕ್ಕದಲ್ಲಿ ಬಕೆಟ್ಟು ಹಿಡಿದ ಮಗಳು.

"ಅಯ್ಯೋ, ಬಂದೇಬಿಟ್ರಾ? ಬಟ್ಟೆ ಬದಲಾಯಿಸ್ಕೊಳ್ಳೋಷ್ಟು ಹೊತ್ತು ಸಿಗುತ್ತೆ ಅಂದ್ಕೊಂಡಿದ್ದೆ" ಎಂದು ಅತಿಥಿಗಳಿಗೆ ಕೈ ಮುಗಿದು, ಗಂಡನತ್ತ ತಿರುಗಿದರು. "ನೋಡ್ರೀ! ವಾರವಿಡೀ ಒಬ್ರೇ ಒದ್ದಾಡ್ತಿದ್ರಲ್ಲ. ಪಾಪ ಅನ್ನಿಸ್ತು. ನೀವು ಹೋದ ಮೇಲೆ ನಾವಿಬ್ರೇ ಮುಗಿಸಿಬಿಟ್ವಿ. ಬೀಳಲಿಲ್ಲ ನಾನು!"

"ಪಾಚಿ ಎಲ್ಲಿ?" ಎಂದರು ಬೀಗರು.

"ಚರಂಡಿ ಸೇರ್ತು!" ಎಂದರು ಹೆಂಡತಿ ಹೆಮ್ಮೆಯಿಂದ.

ಆಗಲಾದರೂ ಬಿರುದಪ್ಪನವರು ನಿಜ ಹೇಳಬಹುದಿತ್ತು. ಆದರೆ ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ, ಬಿರುದಪ್ಪನವರು ಹೆಂಡತಿಯನ್ನೇ ಹಿಡಿದರು. ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕುಸಿದು, "ಎಂಥ ಕೆಲಸ ಮಾಡಿದೆಯೇ! ನನ್ನ ನಾಲ್ಕು ವರ್ಷದ ತಪಸ್ಸು! ನನ್ನ ಜೀವದ ಪಾಚಿ!" ಎಂದು ಗೋಳಿಟ್ಟರು.

ಹೆಂಡತಿಯ ನಗು ಇಳಿದುಹೋಯಿತು. ಬೀಗರು ಮೆಲ್ಲಗೆ ವಿಷಯ ತಿಳಿಸಿದರು: ನಿಮ್ಮ ಯಜಮಾನರು ಪಾಚಿಯ ಆರಾಧಕರಂತೆ, ಅದನ್ನು ನೋಡಲೆಂದೇ ನಾವು ಬಂದದ್ದು. ಆಕೆ ಗೋಡೆ ನೋಡಿದರು, ಬ್ರಷ್ಷು ನೋಡಿದರು, ಬ್ಲೀಚಿಂಗ್ ಪುಡಿ ತಿಂದು ಬಿಳಿಚಿದ ತಮ್ಮ ಬೆರಳು ನೋಡಿದರು. ಮಗಳು ಬಕೆಟ್ಟು ಕೆಳಗಿಟ್ಟು ಗೋಡೆಗೊರಗಿದಳು. ಅವಳ ಮುಖದಲ್ಲಿ ಮದುವೆ, ಕೊಡೆ, ಗುಡುಗು ಎಲ್ಲ ಚರಂಡಿಯ ಕಡೆ ಹರಿದುಹೋಗುತ್ತಿರುವುದು ಕಾಣುತ್ತಿತ್ತು.

"ನನಗೆ ಗೊತ್ತೇ ಇರ್ಲಿಲ್ಲ" ಎಂದರು ಹೆಂಡತಿ. "ನಾನು ಗಲೀಜು ಅಂದ್ಕೊಂಡೆ. ಒಂದು ಮಾತು ಹೇಳಿದ್ದಿದ್ರೆ ಮುಟ್ತಾನೇ ಇರ್ಲಿಲ್ಲ ಕಣ್ರೀ. ನನಗೆ ಅದನ್ನ ಕಂಡ್ರಾಗಲ್ಲ, ನಿಜ. ಆ ವಾಸನೆ ಆಗಲ್ಲ. ಆದ್ರೆ ನಿಮಗೆ ಅಷ್ಟು ಇಷ್ಟ ಅಂತ ಗೊತ್ತಿದ್ದಿದ್ರೆ ದಿನಾ ನಾನೇ ನೀರು ಹಾಕಿ ಬೆಳೆಸ್ತಿದ್ದೆ. ತಪ್ಪಾಯ್ತು. ಹೆಂಗೆ ತಂದ್ಕೊಡ್ಲಿ ಈಗ?"

ಬಿರುದಪ್ಪನವರಿಗೆ ಜೀವನದಲ್ಲಿ ಮೊದಲ ಸಲ ಬಾಯಿಗೆ ಪದ ಬರಲಿಲ್ಲ. ನೆಲದ ಮೇಲೆ ಕೂತೇ ಇದ್ದರು. ನೆಲ ಸ್ವಚ್ಛವಾಗಿತ್ತು, ಅವರಿಗೆ ಮಾತ್ರ ಕೊಳಕಿನಲ್ಲಿ ಕೂತಂತಾಗಿ ನಾಚಿಕೆ ಹತ್ತಿತು.

ಸಸ್ಯಶಾಸ್ತ್ರದ ಅಕ್ಕ ಇಷ್ಟು ಹೊತ್ತೂ ಭೂತಗನ್ನಡಿಯಲ್ಲಿ ಗೋಡೆ ನೋಡುತ್ತಿದ್ದವರು ಈಗ ಕನ್ನಡಿಯನ್ನು ಬಿರುದಪ್ಪನವರ ಕಡೆ ತಿರುಗಿಸಿದರು. "ಹೋಗಲಿ ಬಿಡಿ, ಬಾಯಲ್ಲಾದ್ರೂ ಹೇಳಿ. ಹೇಗಿತ್ತು ನಿಮ್ಮ ಪಾಚಿ?"

"ಹಸಿರಾಗಿತ್ತು."

"ಅದು ಗೊತ್ತು. ಹೂವು ಯಾವ ಬಣ್ಣ?"

ಕನಿಕರದ ದನಿ ಕೇಳಿ ಬಿರುದಪ್ಪನವರಿಗೆ ಹೋದ ಜೀವ ಬಂತು. "ಹೂವಾ! ತಿಳಿ ಹಳದಿ ಮೇಡಂ. ಬೆಳಗ್ಗೆ ಹಿತ್ತಲ ಬಾಗಿಲು ತೆಗೆದ್ರೆ ಘಮ್ ಅಂತಿತ್ತು!"

"ಪಾಚಿ ಹೂ ಬಿಡಲ್ಲ" ಎಂದರು ಅಕ್ಕ.

ಬಿರುದಪ್ಪನವರು ಗಾಬರಿಯಿಂದ ಎದ್ದು ನಿಂತ ರಭಸಕ್ಕೆ ಜೇಬಿನಿಂದ ಪಟ್ಟಿಗಳು ಕೆಳಗೆ ಬಿದ್ದವು. ಬೀಗರು ಬಗ್ಗಿ ಒಂದನ್ನು ಎತ್ತಿಕೊಂಡು ದೂರ ಹಿಡಿದು ಓದಿದರು. "ಹಸಿರು... ಸಾಮ್ರಾಜ್ಞಿ. ಯಾರ್ರೀ ಇದು?"

"ಅವರನ್ನ ಏನೂ ಕೇಳ್ಬೇಡಿ ಅಣ್ಣಾವ್ರೇ, ದುಃಖದಲ್ಲಿದಾರೆ" ಎಂದು ಹೆಂಡತಿ ಗಂಡನ ಪರವಾಗಿ ಅಡ್ಡ ಬಂದರು. "ನಾಲ್ಕು ವರ್ಷದಿಂದ ಈ ಕಡೆ ತಲೆ ಹಾಕಿರ್ಲಿಲ್ಲ. ಈ ವಾರ ಒಂದೇ ವಾರದಲ್ಲಿ ಎಷ್ಟು ಹಚ್ಕೊಂಡ್ಬಿಟ್ರು ನೋಡಿ..." ಹೇಳುತ್ತ ಹೇಳುತ್ತ ಆಕೆ ತಾವೇ ನಿಂತರು. ನಾಲ್ಕು ವರ್ಷ, ಒಂದು ವಾರ, ಹಸಿರು ರಸ, ನೆಕ್ಕುವ ಬೆಕ್ಕು. ಲೆಕ್ಕ ಕೂಡಿಬಂತು. ನಿಧಾನವಾಗಿ ತಿರುಗಿ ಕೇಳಿದರು, "ಹಂಗಾದ್ರೆ ನಾನು ಬೀಳ್ತೀನಿ ಅನ್ನೋ ಚಿಂತೆ?"

ಬಿರುದಪ್ಪನವರು ಚಪ್ಪಲಿ ನೋಡಿಕೊಂಡರು.

"ಮಿಕ್ಸಿ?"

ಚಪ್ಪಲಿಯಿಂದ ಕಣ್ಣು ಕದಲಲಿಲ್ಲ. ಹೆಂಡತಿ ಬ್ರಷ್ಷನ್ನು ಬಕೆಟ್ಟಿಗೆ ಎಸೆದರು. ನೀರು ಚಿಮ್ಮಿ ಬಿರುದಪ್ಪನವರ ಮುಖಕ್ಕೆ ಹಾರಿತು, ಯಾರೂ ಒರೆಸಲಿಲ್ಲ.

ಬೀಗರು ಪಟ್ಟಿಯನ್ನು ಕೈಯಲ್ಲಿ ಹೊರಳಿಸಿ ನೋಡಿದರು. ಆಮೇಲೆ ಅವರ ಎತ್ತರದ ದನಿ ಮೊದಲ ಸಲ ತಗ್ಗಿತು. "ನಮ್ಮ ಮನೇಲಿ ಹುಚ್ಚರಿಗೆ ಬರ ಇಲ್ಲ ಸ್ವಾಮಿ. ನಾನು ಸೇತುವೆ ಕೆಳಗೆ, ಅಕ್ಕ ಬಂಡೆ ಮೇಲೆ, ಮಗ ಗುಡುಗಿನ ಹಿಂದೆ. ಈ ಹುಚ್ಚನ್ನೆಲ್ಲ ಸಹಿಸ್ಕೊಳ್ಳೋರು ಬೇಕು ಅಂತ ನಾನು ಊರೆಲ್ಲ ಹುಚ್ಚರನ್ನೇ ಹುಡುಕ್ತಾ ಹೋದೆ. ಇಲ್ಲಿ ನೋಡಿದ್ರೆ, ಕಂಡ್ರಾಗದ ಪಾಚಿಗೂ ಗಂಡನಿಗೋಸ್ಕರ ದಿನಾ ನೀರು ಹಾಕ್ತಿದ್ದೆ ಅನ್ನೋ ತಾಯಿ ಇದಾರೆ. ಇದಕ್ಕೇನಂತೀರಿ ನಿಮ್ಮ ಅಂಗಡೀಲಿ?"

"ಇದಕ್ಕೆ ಯಾರೂ ಫಲಕ ಮಾಡ್ಸಲ್ಲ ಬಿಡು" ಎಂದರು ಅಕ್ಕ. "ಇವರು ಕೈ ಮುಟ್ಟದೆ ಬಿಟ್ಟಿದ್ದು ಆರಾಧನೆ, ಅವರು ಕೈ ಸುಟ್ಕೊಂಡು ಉಜ್ಜಿದ್ದು ಮನೆಗೆಲಸ!"

ಬೀಗರು ಬಿರುದಪ್ಪನವರ ಎದುರಿಗೆ ಬಂದು ನಿಂತರು. "ನಿಮ್ಮನ್ನ ಇನ್ನೊಂದೇ ಪ್ರಶ್ನೆ ಕೇಳ್ತೀನಿ. ಇದೊಂದಕ್ಕೆ ನಿಜ ಹೇಳಿ. ಮದುವೆ ಆಗೋದು ಬಿಡೋದು ಇದರ ಮೇಲೇ ನಿಂತಿದೆ. ನಿಮ್ಮ ಮಗಳು ಯಾರ ಥರ? ಅಪ್ಪನ ಥರಾನೋ, ಅಮ್ಮನ ಥರಾನೋ?"

ಅವಳು ತೊಟ್ಟಿಲಲ್ಲಿದ್ದ ದಿನದಿಂದ ಯಾರು ಈ ಪ್ರಶ್ನೆ ಕೇಳಿದರೂ ಬಿರುದಪ್ಪನವರು "ನೋಡಿದ್ರೆ ಗೊತ್ತಾಗಲ್ವಾ? ನನ್ನದೇ ಪಡಿಯಚ್ಚು!" ಎಂದು ಮೀಸೆ ತಿರುವುತ್ತಿದ್ದರು. ಈಗಲೂ ಕೈ ತಾನಾಗಿಯೇ ಮೀಸೆಗೆ ಹೋಯಿತು. ಮಗಳು ಅಪ್ಪನ ತುಟಿಯನ್ನೇ ನೋಡುತ್ತಿದ್ದಳು. ಬಿರುದಪ್ಪನವರು ಕೈ ಇಳಿಸಿದರು.

"ಪೂರ್ತಿ ಅವರಮ್ಮನ ಥರ ಸಾರ್" ಎಂದರು. "ನನ್ನದು ಅಂತ ಅವಳಲ್ಲಿ ಒಂದು ಎಳೆನೂ ಇಲ್ಲ!"

"ಹಂಗಾದ್ರೆ ಆಯ್ತು!" ಎಂದು ಬೀಗರು ಗುಡುಗಿದರು. "ಬನ್ನಿ ಒಳಗೆ, ಮದುವೆ ಮಾತಾಡೋಣ."